ಆನ್ ಮಾಡಿದ ಕೂಡ್ಲೆ ಕ್ರ್ಯಾಶ್ ಬಾಕ್ಸು, ತಲೆ ಕೆಟ್ಟೋಗಿದೆ

ಮೂಡಿಗೆರೆ_ಜೆರಾಕ್ಸ್:
ಸಿಸ್ಟಮ್ ಆನ್ ಮಾಡಿದ್ರೆ ಸಾಕು, ಏನೋ ಕ್ರ್ಯಾಶ್ ಆಗಿದೆ ಅಂತ ಬಾಕ್ಸು ಎದ್ದು ಬರುತ್ತೆ. ಕ್ಯಾನ್ಸಲ್ ಒತ್ತಿದ್ರೆ ಇನ್ನೊಂದು. ಪಹಣಿ ಪ್ರಿಂಟಿಗೆ ನಿಂತವರೆಲ್ಲ ‘ವೈರಸ್ಸಾ ಸಾರ್’ ಅಂತಾರೆ. ಕೆಲಸ ಎಲ್ಲಾ ಸರಿಯಾಗೇ ಆಗ್ತಿದೆ, ಈ ಪೀಡೆ ಮಾತ್ರ ಹೋಗ್ತಿಲ್ಲ. ಗೊತ್ತಿದ್ದೋರು ಹೇಳಿ ಮಾರಾಯ್ರೆ.

ಹಾಸನ್_ಅಸೆಂಬ್ಲರ್:
ರ್‍ಯಾಮ್. ಕಣ್ಮುಚ್ಚಿ ಹೇಳ್ತೀನಿ. ಬಿಚ್ಚಿ ರಬ್ಬರಲ್ಲಿ ಉಜ್ಜಿ ಹಾಕಿ. ನಿಮ್ಮ ಕಡೆ ಮಳೆಗೆ ಪಿನ್ ಕಪ್ಪಾಗುತ್ತೆ.

ಮೂಡಿಗೆರೆ_ಜೆರಾಕ್ಸ್:
ಉಜ್ಜಾಯ್ತು. ಅದೇ ಕತೆ.

ಹಾಸನ್_ಅಸೆಂಬ್ಲರ್:
ಸ್ಲಾಟ್ ಬದಲಾಯಿಸಿ. ಆಗ್ಲೂ ಬಂದ್ರೆ ರಾತ್ರಿಯಿಡೀ ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಓಡಿಸಿ.

ತೋಟದ್_ಮನೆ:
ರ್‍ಯಾಮ್ ಅಲ್ಲ, ಕರೆಂಟು. ನಮ್ಮಲ್ಲಿ ಇನ್ವರ್ಟರಿಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಮೇಲೊಂದು ಸ್ಟೆಬಿಲೈಜರ್. ಜುಲೈ ಮಳೆಯಲ್ಲೂ ಸಿಸ್ಟಮ್ ಒಂದು ಸಲ ಅಲುಗಾಡಿಲ್ಲ.

ಕಪ್ಪು_ಪರದೆ:
ಬಾಕ್ಸಲ್ಲಿ ಏನ್ ಬರ್ದಿದೆ ಅಂತ ಯಾರೂ ಕೇಳ್ಲೇ ಇಲ್ವಲ್ಲ! ವಿಂಡೋಸಾ, ಬೇರೆಯಾ?

ಮೂಡಿಗೆರೆ_ಜೆರಾಕ್ಸ್:
ಉಬುಂಟು 22.04. ‘ಸಿಸ್ಟಮ್ ಪ್ರೋಗ್ರಾಮ್ ಪ್ರಾಬ್ಲಂ ಡಿಟೆಕ್ಟೆಡ್’ ಅಂತಿದೆ.

ಕಪ್ಪು_ಪರದೆ:
ಇದನ್ನ ಮೊದ್ಲೇ ಹೇಳೋದಲ್ವಾ. ಅದು ಅಪೋರ್ಟ್ ಕೆಲಸ, ಉಬುಂಟುವಲ್ಲಿ ಕ್ರ್ಯಾಶ್ ವರದಿ ಮಾಡೋ ಪ್ರೋಗ್ರಾಂ. ಯಾವುದೋ ಪ್ರೋಗ್ರಾಂ ಬಿದ್ದಾಗ ವಾರ್ (/var) ಫೋಲ್ಡರ್ ಒಳಗಿನ ಕ್ರ್ಯಾಶ್ ಫೋಲ್ಡರಲ್ಲಿ ವರದಿ ಬರೆದಿಡುತ್ತೆ. ಲಾಗಿನ್ ಆದಾಗ ಆ ಹಳೇ ವರದಿ ನೋಡಿ ಬಾಕ್ಸು ಏಳುತ್ತೆ. ಅಂದ್ರೆ ಈಗ ಏನೂ ಬಿದ್ದಿರಬೇಕಂತಿಲ್ಲ. ಅಳಿಸೋ ಮೊದ್ಲು ಅಲ್ಲಿರೋ ಫೈಲ್ ಹೆಸರು ಹಾಕಿ.

ಮೂಡಿಗೆರೆ_ಜೆರಾಕ್ಸ್:
_ಯುಎಸ್‌ಆರ್_ಎಸ್‌ಬಿನ್_ಕಪ್ಸ್-ಬ್ರೌಸ್ಡ್.0.ಕ್ರ್ಯಾಶ್

ಕಪ್ಪು_ಪರದೆ:
ಕೆಳಗಿನ ಅಡ್ಡಗೆರೆ (_) ಇರೋ ಕಡೆಯೆಲ್ಲ ಸ್ಲ್ಯಾಶ್ ಅಂತ ಓದ್ಕೊಳ್ಳಿ, ಬಿದ್ದ ಪ್ರೋಗ್ರಾಂ ದಾರಿ ಸಿಗುತ್ತೆ. 0 ಅಂದ್ರೆ ರೂಟ್, ಅಂದ್ರೆ ಪೂರ್ತಿ ಅಧಿಕಾರ ಇರೋ ಅಡ್ಮಿನ್ ಹೆಸರಲ್ಲಿ ಓಡ್ತಿತ್ತು. ಕಪ್ಸ್-ಬ್ರೌಸ್ಡ್ ನೆಟ್‌ವರ್ಕಲ್ಲಿರೋ ಪ್ರಿಂಟರ್ ಹುಡುಕೋದು. ನಿಮ್ಮದು ಯುಎಸ್‌ಬಿ ತಾನೇ?

ಮೂಡಿಗೆರೆ_ಜೆರಾಕ್ಸ್:
ಹೌದು, ಯುಎಸ್‌ಬಿ.

ಕಪ್ಪು_ಪರದೆ:
ಹಾಗಾದ್ರೆ ಆ ಸರ್ವಿಸ್ ಸಿಸ್ಟಮ್‌ಸಿಟಿಎಲ್‌ ಕಮಾಂಡಲ್ಲಿ ಡಿಸೇಬಲ್ ಮಾಡಿ, ಸ್ಟಾಪ್ ಮಾಡಿ. 2024ರ ಸೆಪ್ಟೆಂಬರಲ್ಲಿ ಅದರಲ್ಲಿ ಭದ್ರತೆಯ ತೂತು ಸಿಕ್ಕಾಗ್ಲೂ ಬೇಡದವರು ನಿಲ್ಲಿಸಿ ಅಂತಲೇ ಹೇಳಿದ್ರು. ಆಮೇಲೆ ಆ ಫೋಲ್ಡರಲ್ಲಿರೋದನ್ನ ಸುಡೋ (ರೂಟ್ ಅಧಿಕಾರ ಕೊಡೋ sudo ಕಮಾಂಡ್) ಹಾಕಿ ಅಳಿಸಿ.

ಸಕಲೇಶಪುರ_ಟಕ್ಸ್:
ಇಷ್ಟೆಲ್ಲ ಯಾಕೆ ಗುರು? ಅಪೋರ್ಟ್ ಸೆಟ್ಟಿಂಗ್ ಇರೋ /etc/default/apport ಫೈಲಲ್ಲಿ ಎನೇಬಲ್ಡ್=1 ಇರೋದನ್ನ 0 ಮಾಡಿ, ರೀಸ್ಟಾರ್ಟ್ ಮಾಡಿ. ಕತೆ ಮುಗೀತು.

ಕಪ್ಪು_ಪರದೆ:
ಹೊಗೆ ಬಂತು ಅಂತ ಕಣ್ಣು ಮುಚ್ಕೊಂಡ ಹಾಗಾಯ್ತು. ನಾಳೆ ನಿಜವಾಗ್ಲೂ ಏನಾದ್ರೂ ಬಿದ್ರೆ ಗೊತ್ತಾಗೋದು ಹೇಗೆ?

ಸಕಲೇಶಪುರ_ಟಕ್ಸ್:
ಲಾಗ್ ಇದೆಯಲ್ಲ. ಅಂಗಡಿ ನಡೆಸೋನಿಗೆ ಬಾಕ್ಸು ಬೇಡ, ಅಷ್ಟೇ.

ಹಾಸನ್_ಅಸೆಂಬ್ಲರ್:
ಏನೇ ಹೇಳಿ, ಮೆಮ್‌ಟೆಸ್ಟ್ ಒಂದು ಸಲ ಓಡಿಸಿದ್ರೆ ನಷ್ಟ ಇಲ್ಲ.

ಮೂಡಿಗೆರೆ_ಜೆರಾಕ್ಸ್:
ಸರ್ವಿಸ್ ನಿಲ್ಸಿ, ಫೈಲ್ ಅಳಿಸ್ದೆ. ರೀಸ್ಟಾರ್ಟ್ ಮಾಡಿದ್ರೆ ಬಾಕ್ಸಿಲ್ಲ, ಪ್ರಿಂಟೂ ಬರ್ತಿದೆ. ಥ್ಯಾಂಕ್ಸ್ ಸಾರ್. @ತೋಟದ್_ಮನೆ, ಆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ? ಜೆರಾಕ್ಸ್ ಮೆಷಿನ್ ಎಳೆಯುತ್ತಾ?

ತೋಟದ್_ಮನೆ:
ಜೆರಾಕ್ಸ್ ಮರೆತುಬಿಡಿ. ಇನ್ವರ್ಟರ್ ಎಷ್ಟು ವಿಎ (ಎಷ್ಟು ಲೋಡ್ ಎಳೆಯುತ್ತೆ) ಅಂತ ಮೊದ್ಲು ಹೇಳಿ.