ಓಡಿ ಬಂದ ಮೇಲೆ ಒಂಟಿ ಕಾಲಲ್ಲಿ ನಿಲ್ಲೋಕೆ ಆಗ್ತಿಲ್ಲ: ವ್ಯಾಯಾಮದಿಂದ ಬ್ಯಾಲೆನ್ಸ್ ಹೆಚ್ಚುತ್ತಾ, ಕೆಡುತ್ತಾ? (ಪ್ರಶ್ನೋತ್ತರ)

ಪ್ರಶ್ನೆ: ನನಗೆ 41 ವರ್ಷ. ವಾರದಲ್ಲಿ ನಾಲ್ಕು ದಿನ ಓಡ್ತೀನಿ. ಓಟ ಮುಗಿಸಿ ತೊಡೆ ಸ್ಟ್ರೆಚ್ ಮಾಡೋಕೆ ಅಂತ ಒಂದು ಕಾಲು ಎತ್ತಿದರೆ ಸಾಕು, ನಿಂತ ಕಾಲು ನಡುಗೋಕೆ ಶುರು, ಗೋಡೆ ಹಿಡಿಯಲೇಬೇಕು. ಬೆಳಿಗ್ಗೆ ಇದೇ ಭಂಗಿಯಲ್ಲಿ ಆರಾಮಾಗಿ ನಿಲ್ತೀನಿ. ವ್ಯಾಯಾಮ ಮಾಡಿದರೆ ಬ್ಯಾಲೆನ್ಸ್ ಸುಧಾರಿಸಬೇಕಲ್ವಾ? ನರದ ತೊಂದರೆ ಏನಾದರೂ ಇರಬಹುದಾ?

ಉತ್ತರ (ಫಿಸಿಯೋಥೆರಪಿಸ್ಟ್): ಬೆಳಿಗ್ಗೆ ಸರಿಯಾಗಿ ನಿಲ್ಲುತ್ತೀರಿ, ಓಡಿದ ಮೇಲೆ ಮಾತ್ರ ನಡುಗುತ್ತದೆ ಅಂದರೆ ಅದು ಬಹುಪಾಲು ದಣಿವಿನ ನಡುಕ. ಹೆದರಬೇಡಿ. ಆದರೆ ಒಳಗೆ ಏನಾಗುತ್ತಿದೆ ಅನ್ನೋದು ಗೊತ್ತಿದ್ದರೆ ಒಳ್ಳೆಯದು.

ನಾವು "ಅಲ್ಲಾಡದೆ ನಿಂತಿದ್ದೇನೆ" ಅಂದುಕೊಂಡಾಗಲೂ ದೇಹ ಅಲ್ಲಾಡುತ್ತಲೇ ಇರುತ್ತದೆ. ದೇಹದ ಭಾರ ಪಾದದ ಕೀಲಿಗಿಂತ ಸ್ವಲ್ಪ ಮುಂದೆ ಬೀಳುವುದರಿಂದ ನಾವು ಸದಾ ಮುಂದಕ್ಕೆ ವಾಲುತ್ತಿರುತ್ತೇವೆ, ಮೀನಖಂಡ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿದಾಗ ಕೈ ಅತ್ತಿತ್ತ ಸರಿಸುತ್ತಲೇ ಇರುತ್ತೇವಲ್ಲ, ಹಾಗೆ. ಎಷ್ಟು ವಾಲಿದ್ದೇವೆ ಅನ್ನುವ ಸುದ್ದಿ ಮೂರು ಕಡೆಯಿಂದ ಮೆದುಳಿಗೆ ಹೋಗುತ್ತದೆ: ಕಣ್ಣು, ಒಳಕಿವಿ, ಮತ್ತೆ ಅಂಗಾಲು, ಕೀಲು, ಸ್ನಾಯುಗಳ ಸ್ಪರ್ಶಜ್ಞಾನ. ಗಟ್ಟಿ ನೆಲ, ಒಳ್ಳೆಯ ಬೆಳಕು ಇದ್ದಾಗ ಆರೋಗ್ಯವಂತರು ಹೆಚ್ಚು ನೆಚ್ಚಿಕೊಳ್ಳುವುದು ಮೂರನೆಯದನ್ನು.

ಓಟದಿಂದ ಪೆಟ್ಟು ಬೀಳುವುದೂ ಅಲ್ಲಿಗೇ. ದಣಿದ ಮೀನಖಂಡ ಅಳತೆ ತಪ್ಪುತ್ತದೆ. ಸ್ವಲ್ಪ ಎಳೆಯಬೇಕಾದಲ್ಲಿ ಜಾಸ್ತಿ ಎಳೆಯುತ್ತದೆ, ತಡವಾಗಿ ಎಳೆಯುತ್ತದೆ. ಕೀಲು ಯಾವ ಕೋನದಲ್ಲಿದೆ ಅನ್ನುವ ಅರಿವೂ ಮಂಕಾಗುತ್ತದೆ. ಸೊಂಟದ ಪಕ್ಕದ ಸ್ನಾಯುಗಳು ಸೋತಿದ್ದರೆ ಒಂಟಿ ಕಾಲಿನಲ್ಲಿ ಪಕ್ಕಕ್ಕೆ ವಾಲುವುದು ಹೆಚ್ಚು. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ: ಏದುಸಿರು. ಜೋರಾಗಿ ಉಸಿರಾಡುವಾಗ ಎದೆ, ಹೊಟ್ಟೆ, ಬೆನ್ನು ಎಲ್ಲವೂ ಅಲುಗುತ್ತವೆ, ಆ ಅಲುಗಾಟವನ್ನೂ ಕಾಲೇ ಸರಿದೂಗಿಸಬೇಕು. ಬೆವರಿ ನೀರಿನಂಶ ಕಡಿಮೆಯಾಗಿದ್ದರೆ ಅದೂ ಸೇರಿಕೊಳ್ಳುತ್ತದೆ. ಸೈಕಲ್‌ಗಿಂತ ಓಟದ ನಂತರ ಓಲಾಟ ಹೆಚ್ಚಿರುತ್ತದೆ, ಏಕೆಂದರೆ ಓಟದಲ್ಲಿ ಪ್ರತಿ ಹೆಜ್ಜೆಗೂ ಕಾಲು ದೇಹದ ಭಾರವನ್ನು ತಡೆಯಬೇಕು, ತಲೆಯೂ ಕುಲುಕುತ್ತದೆ.

ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಅಷ್ಟು ಹೊತ್ತು ಮೆಟ್ಟಿಲು, ಒದ್ದೆ ನೆಲದಲ್ಲಿ ಜೋಪಾನ. ಸ್ಟ್ರೆಚ್ ಮಾಡುವಾಗ ಗೋಡೆ ಹಿಡಿಯಿರಿ, ಅದರಲ್ಲಿ ಸೋಲೇನೂ ಇಲ್ಲ.

ವಿಶ್ರಾಂತಿ ತೆಗೆದುಕೊಂಡರೂ ನಡುಕ ಹೋಗದಿದ್ದರೆ, ಒಂದೇ ಬದಿಯ ಕೈಕಾಲು ಸೋತಂತಾದರೆ, ಮಾತು ತೊದಲಿದರೆ, ಎರಡೆರಡು ಕಂಡರೆ ಅದು ದಣಿವಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಮರುಪ್ರಶ್ನೆ: ಹಾಗಾದರೆ ಬ್ಯಾಲೆನ್ಸ್ ವ್ಯಾಯಾಮವನ್ನ ಓಟದ ಮುಂಚೆ ಮಾಡಬೇಕಾ?

ಉತ್ತರ: ಹೌದು. ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಸುಸ್ತಾಗುವ ಮುಂಚೆ. ಇದು ಮೆದುಳು, ನರ ಕಲಿಯುವ ವಿದ್ಯೆ. ಸೋತ ಕಾಲಿನಲ್ಲಿ ಕಲಿಯಹೊರಟರೆ ತಪ್ಪು ಚಲನೆಗಳೇ ರೂಢಿಯಾಗುತ್ತವೆ. ಪಂದ್ಯದ ಕೊನೆಯಲ್ಲೂ ಕಾಲು ಗಟ್ಟಿಯಾಗಿ ಊರಬೇಕಾದ ಆಟಗಾರರಿಗೆ ದಣಿವಿನಲ್ಲೇ ತರಬೇತಿ ಕೊಡುವುದುಂಟು, ಅದು ಕೋಚ್ ಪಕ್ಕದಲ್ಲಿದ್ದಾಗ ಮಾತ್ರ.

ಇನ್ನೊಬ್ಬರ ಪ್ರಶ್ನೆ: ನಮ್ಮ ಅಮ್ಮನಿಗೆ 68. ವರ್ಷಗಳಿಂದ ದಿನಾ ಮುಕ್ಕಾಲು ಗಂಟೆ ವಾಕಿಂಗ್ ತಪ್ಪಿಸಿಲ್ಲ. ಆದರೂ ಗಕ್ಕನೆ ತಿರುಗುವಾಗ ಮುಗ್ಗರಿಸ್ತಾರೆ, ಯಾರಾದರೂ ಮಾತಾಡಿಸಿದರೆ ನಡೆಯೋದನ್ನೇ ನಿಲ್ಲಿಸಿ ಉತ್ತರ ಕೊಡ್ತಾರೆ. ಇಷ್ಟು ನಡೆಯೋರಿಗೆ ಹೀಗ್ಯಾಕೆ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಜವಾಗಿಯೂ ಖುಷಿಯಾಯಿತು. "ವಾಕಿಂಗ್ ಮಾಡ್ತೀನಿ, ಬ್ಯಾಲೆನ್ಸಿಗೆ ಅಷ್ಟು ಸಾಕು" ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು, ಅದನ್ನು ಬಿಡಬಾರದು. ಆದರೆ ಗೊತ್ತಿರುವ ಸಮತಟ್ಟಾದ ದಾರಿಯಲ್ಲಿ ನೇರ ನಡೆಯುವವರಿಗೆ ಬೀಳುವ ಸಂದರ್ಭವೇ ಬರುವುದಿಲ್ಲ. ಸಂದರ್ಭ ಬರದಿದ್ದರೆ ಸಾವರಿಸಿಕೊಳ್ಳುವುದನ್ನು ದೇಹ ಕಲಿಯುವುದೂ ಇಲ್ಲ. ಬ್ಯಾಲೆನ್ಸ್ ಬೆಳೆಯಬೇಕಾದರೆ ಅದನ್ನು ಸುರಕ್ಷಿತವಾಗಿ, ಸ್ವಲ್ಪ ಸ್ವಲ್ಪವೇ ಕೆಡಿಸಬೇಕು.

ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ 100ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಅದರಲ್ಲಿ 60 ದಾಟಿದ, ಮನೆಯಲ್ಲೇ ವಾಸಿಸುವ 23,000ಕ್ಕೂ ಹೆಚ್ಚು ಜನರಿದ್ದರು. ಒಟ್ಟಾರೆ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23% ಇಳಿದಿತ್ತು. ಹೆಚ್ಚಾಗಿ ಬ್ಯಾಲೆನ್ಸ್ ವ್ಯಾಯಾಮದ ಜೊತೆ ಸ್ನಾಯುಬಲದ ವ್ಯಾಯಾಮ ಸೇರಿಸಿದ ಕಾರ್ಯಕ್ರಮಗಳಲ್ಲಿ ಇಳಿಕೆ ಸುಮಾರು 34%. ವಾಕಿಂಗ್ ಒಂದರಿಂದಲೇ ಬೀಳುವುದು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಅಲ್ಲಿ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ ಕನಿಷ್ಠ ಮೂರು ದಿನ ಬ್ಯಾಲೆನ್ಸ್ ಮತ್ತು ಬಲ ಎರಡೂ ಇರುವ ವ್ಯಾಯಾಮ ಬೇಕು ಎನ್ನುತ್ತದೆ.

ಅಮ್ಮನಿಗೆ ಹೀಗೆ ಶುರು ಮಾಡಿಸಿ. ಅಲುಗದ ಭಾರವಾದ ಮೇಜಿನ ಪಕ್ಕ ನಿಲ್ಲಲಿ. ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳ ತುದಿಗೆ ತಾಗುವಂತೆ ಒಂದೇ ಗೆರೆಯಲ್ಲಿ ಇಡಲಿ. ಮೊದಲು ಅಂಗೈ ಪೂರ್ತಿ ಮೇಜಿನ ಮೇಲೆ. ಆರಾಮ ಅನಿಸಿದ ಮೇಲೆ ಬೆರಳ ತುದಿಗಳು ಮಾತ್ರ. ಆಮೇಲೆ ಒಂದೇ ಬೆರಳು, ಭಾರ ಹಾಕದೆ ಬರೀ ಸೋಕಿಸಿದಂತೆ. ದೇಹದ ಭಾರ ಹೊರಲಾರದಷ್ಟು ಹಗುರ ಸ್ಪರ್ಶವೂ ಓಲಾಟವನ್ನು ಎದ್ದು ಕಾಣುವಷ್ಟು ತಗ್ಗಿಸುತ್ತದೆ. ಬೆರಳು ಇಲ್ಲಿ ಊರುಗೋಲಲ್ಲ, ಮೆದುಳಿಗೆ ಸುದ್ದಿ ಮುಟ್ಟಿಸುವ ಇನ್ನೊಂದು ದಾರಿ. ಕೊನೆಗೆ ಬೆರಳನ್ನೂ ಎತ್ತಿ, ಕೈ ಮೇಜಿನ ಮೇಲೆ ಗೇಣು ಎತ್ತರದಲ್ಲಿರಲಿ. ಪಾದ, ಕಣಕಾಲು ಸಣ್ಣಗೆ ಅತ್ತಿತ್ತ ಹೊರಳುವುದು ಕಾಣುತ್ತದೆ. ಅದು ಕಾಣಬೇಕು, ಕಲಿಕೆ ನಡೆಯುತ್ತಿರುವುದೇ ಅಲ್ಲಿ. ಅದೂ ಸಲೀಸಾದರೆ ನಿಂತಲ್ಲೇ ಕತ್ತು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಲಿ. ತಿರುಗುವಾಗ ಮುಗ್ಗರಿಸುವವರಿಗೆ ಇದು ಬಹಳ ಮುಖ್ಯ.

ಸ್ನಾಯುಬಲ ಹೆಚ್ಚಿಸಲು, ಕೈ ಊರದೆ ಕುರ್ಚಿಯಿಂದ ಚುರುಕಾಗಿ ಏಳುವುದು, ನಿಧಾನವಾಗಿ ಕೂರುವುದು. ಚುರುಕು ಯಾಕೆ ಅಂದರೆ, ವಯಸ್ಸಾದಂತೆ ಬಲಕ್ಕಿಂತ ಬೇಗ ಕುಂದುವುದು ಬಲವನ್ನು ಥಟ್ಟನೆ ಬಳಸುವ ಶಕ್ತಿ. ಮುಗ್ಗರಿಸಿದಾಗ ಕಾಲು ಮುಂದಿಡಲು ನಮಗೆ ಸಿಗುವುದು ಕ್ಷಣಾರ್ಧ.

ಮಾತಾಡಿಸಿದರೆ ನಿಲ್ಲುತ್ತಾರೆ ಅಂದಿರಿ. ನಡಿಗೆ ಈಗ ತಾನಾಗಿ ನಡೆಯುತ್ತಿಲ್ಲ, ಗಮನ ಬೇಡುತ್ತಿದೆ ಅಂತ ಅರ್ಥ. ಮೇಲಿನದು ರೂಢಿಯಾದ ನಂತರ ನಡೆಯುತ್ತಾ ನೂರರಿಂದ ಹಿಂದಕ್ಕೆ ಮೂರು ಮೂರು ಕಳೆಯುತ್ತಾ ಎಣಿಸಲಿ, ನೀವು ಪಕ್ಕದಲ್ಲಿರಿ. ಜೊತೆಗೆ ಕಣ್ಣಿನ ಪರೀಕ್ಷೆ ಮಾಡಿಸಿ. ನಿದ್ದೆಗೆ, ಬಿಪಿಗೆ ಮಾತ್ರೆ ತಗೊಳ್ತಿದ್ದರೆ ಡಾಕ್ಟರ ಹತ್ತಿರ ಒಮ್ಮೆ ಪರಿಶೀಲಿಸಿಕೊಳ್ಳಿ. ಎಷ್ಟು ವ್ಯಾಯಾಮ ಮಾಡಿದರೂ ಅವುಗಳ ತೊಂದರೆ ತಾನಾಗಿ ಸರಿಹೋಗುವುದಿಲ್ಲ.

ಪ್ರಶ್ನೆ: ವಾಬಲ್ ಬೋರ್ಡ್ (ಮೇಲೆ ನಿಂತರೆ ಅತ್ತಿತ್ತ ಓಲಾಡೋ ಹಲಗೆ) ತಗೊಂಡರೆ ಬೇಗ ಸುಧಾರಿಸುತ್ತಾ?

ಉತ್ತರ: ಬೋರ್ಡ್ ಮೇಲೆ ನಿಲ್ಲುವುದರಲ್ಲಿ ಬೇಗ ಸುಧಾರಿಸುತ್ತೀರಿ. ಯಾವುದನ್ನು ಅಭ್ಯಾಸ ಮಾಡುತ್ತೀರೋ ಅದೇ ಬೆಳೆಯುತ್ತದೆ, ಉಳಿದದ್ದಕ್ಕೆ ಅಷ್ಟಾಗಿ ದಾಟುವುದಿಲ್ಲ. ಪಾದ ಉಳುಕಿ ವಾಸಿಯಾದವರಿಗೆ ಮತ್ತೆ ಉಳುಕದಂತೆ ತಡೆಯಲು ಅದು ನಿಜಕ್ಕೂ ಉಪಯುಕ್ತ. ವಯಸ್ಸಾದವರಿಗೆ ನಾನು ಹೇಳುವುದಿಲ್ಲ.

ಪ್ರಶ್ನೆ: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆಯೇ ಗಿರಗಿರ ತಿರುಗುತ್ತೆ, ಅರ್ಧ ನಿಮಿಷಕ್ಕೆ ನಿಲ್ಲುತ್ತೆ. ಈ ವ್ಯಾಯಾಮ ಮಾಡಬಹುದಾ?

ಉತ್ತರ: ಇದು ಬೇರೆ. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದಾಗ ಹೀಗಾಗುತ್ತದೆ. ತಲೆಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸಿ ಅವನ್ನು ಸ್ವಸ್ಥಾನಕ್ಕೆ ತರುವ ಎಪ್ಲಿ ವಿಧಾನ ಇದೆ, ಹಲವರಿಗೆ ಒಂದೆರಡು ಸಲದಲ್ಲೇ ವಾಸಿಯಾಗುತ್ತದೆ. ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ತಂದೆಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಅಂಗಾಲು ಜೋಮು. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲೋ ವಿಡಿಯೋ ನೋಡಿ ಮಾಡ್ತಿದ್ದಾರೆ. ಸರಿನಾ?

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಅಂಗಾಲಿನಿಂದ ಸುದ್ದಿ ಬರುವುದು ಕಡಿಮೆಯಾಗಿರುವುದರಿಂದ ಅವರು ಕಣ್ಣನ್ನೇ ನಂಬಿ ನಿಂತಿದ್ದಾರೆ. ಅದನ್ನೂ ಮುಚ್ಚಿದರೆ ಒಳಕಿವಿ ಒಂದೇ ಉಳಿಯುತ್ತದೆ. ಕತ್ತಲಲ್ಲಿ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಇಂಥವರು ತೂರಾಡುವುದೂ ಇದಕ್ಕೇ. ವ್ಯಾಯಾಮ ಬೇಕೇ ಬೇಕು, ಆದರೆ ಕಣ್ಣು ತೆರೆದು, ಮೇಜಿನ ಪಕ್ಕ, ಎರಡೂ ಕಾಲಿನಿಂದ ಶುರುಮಾಡಿ. ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಏಳುವುದು. ಬರಿಗಾಲು ಬೇಡ, ಮೆತ್ತನೆಯ ದಪ್ಪ ಅಟ್ಟೆಯೂ ಬೇಡ. ಪಾದಕ್ಕೆ ಸರಿಯಾಗಿ ಕೂರುವ, ಅಟ್ಟೆ ತುಸು ಗಟ್ಟಿ ಇರುವ ಪಾದರಕ್ಷೆ ಇರಲಿ. ದಿನಾ ರಾತ್ರಿ ಅಂಗಾಲಿನಲ್ಲಿ ಗಾಯ, ಗುಳ್ಳೆ ಇದೆಯಾ ನೋಡಿ, ಅವರಿಗೆ ನೋವೇ ತಿಳಿಯದಿರಬಹುದು.

ಪ್ರಶ್ನೆ (68ರ ಅಮ್ಮನ ಮಗಳು): ಎಷ್ಟು ದಿನಕ್ಕೆ ಫಲ ಕಾಣುತ್ತೆ? ಅಮ್ಮನಿಗೆ ಭಯ, ನನ್ನ ಕೈ ಬಿಡೋದೇ ಇಲ್ಲ.

ಉತ್ತರ: ವಾರಕ್ಕೆ ಮೂರು ದಿನ ಮಾಡಿದರೆ ಎರಡು ಮೂರು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಬಿಟ್ಟರೆ ಬಂದದ್ದು ಹೋಗುತ್ತದೆ, ಹಾಗಾಗಿ ಇದು ಹಲ್ಲುಜ್ಜುವಷ್ಟು ಸಹಜವಾಗಬೇಕು.

ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆದರಿದವರು ಮೈ ಬಿಗಿ ಹಿಡಿಯುತ್ತಾರೆ, ಬಿಗಿದ ಕೀಲು ಸಣ್ಣ ತೂಗಾಟವನ್ನು ಹೀರಿಕೊಳ್ಳುವುದಿಲ್ಲ, ಆಗ ಬೀಳುವ ಸಾಧ್ಯತೆಯೇ ಹೆಚ್ಚು. ಅವರು ನಿಮ್ಮ ಕೈಯನ್ನು ಬಿಗಿಯಾಗಿ ಹಿಡಿದರೆ ಕಾಲಿನ ಕೆಲಸವನ್ನು ಕೈ ಮಾಡುತ್ತದೆ. ನೀವು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಒಂದು ಕೈ ಅವರ ಸೊಂಟದ ಹಿಂದೆ, ತಾಗದಂತೆ. ಅವರ ಬೆರಳು ಮೇಜಿನ ಮೇಲಿರಲಿ. "ಬಿದ್ದರೆ ಹಿಡೀತೀನಿ" ಅನ್ನಬೇಡಿ, ಬೀಳುವ ಮಾತೇ ಬೇಡ. "ಹತ್ತು ಎಣಿಸೋಣ" ಅನ್ನಿ, ಜೊತೆಗೆ ಎಣಿಸಿ. ಮೊದಲ ವಾರ ಇಷ್ಟೇ ಮಾಡಿಸಿ, ಕತ್ತು ತಿರುಗಿಸುವುದನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ.