ಪರ್ಫ್ಯೂಷನ್‌ಗೆ ‘ರಕ್ತಪ್ರವಾಹ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಮಿದುಳಿನ ರಕ್ತದ ಹರಿವನ್ನು ಎಂಆರ್‌ಐ ಮೂಲಕ ಅಳೆಯುವ ವಿಧಾನಗಳನ್ನು ಹೋಲಿಸಿ ಲೇಖನ ಬರೆಯುತ್ತಿದ್ದೇನೆ. ಪರ್ಫ್ಯೂಷನ್, ಅಂದರೆ ಅಂಗಾಂಶಕ್ಕೆ ರಕ್ತ ಉಣಿಸುವುದು, ಸೇರಿದಂತೆ ಎಲ್ಲದಕ್ಕೂ ‘ರಕ್ತಪ್ರವಾಹ’ ಎಂದೇ ಬರೆಯುತ್ತ ಹೋದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. (ಪತ್ರಿಕೆ ಓದುವವರ ಕಿವಿಗೆ ‘ಪ್ರವಾಹ’ ಎಂದರೆ ನೆರೆ; ಆ ತೊಡಕು ಬೇರೆ.)

ಫೇಸ್ ಕಾಂಟ್ರಾಸ್ಟ್ ವಿಧಾನದಲ್ಲಿ ಕುತ್ತಿಗೆಯ ನಾಳಗಳಲ್ಲಿನ ರಕ್ತದ ವೇಗವನ್ನು ಅಳೆದು, ನಾಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸುತ್ತಾರೆ. ಇಡೀ ಮಿದುಳಿಗೆ ನಿಮಿಷಕ್ಕೆ ಸುಮಾರು 700 ಮಿ.ಲೀ. ಎಂಬ ಉತ್ತರ ಬರುತ್ತದೆ. ಇಲ್ಲಿ ‘ಹರಿವು’ ಎಂದರೆ ತಕರಾರಿಲ್ಲ.

ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್‌ನ ಲೆಕ್ಕ ಬೇರೆ. ಕುತ್ತಿಗೆಯಲ್ಲಿ ಹಾದುಹೋಗುವ ರಕ್ತದ ನೀರಿನ ಕಾಂತತ್ವವನ್ನು ರೇಡಿಯೋ ತರಂಗಗಳಿಂದ ತಿರುವುಮುರುವು ಮಾಡಿ (ಇದೇ ರಕ್ತಕ್ಕೆ ಹಾಕುವ ಗುರುತು), ಸುಮಾರು ಎರಡು ಸೆಕೆಂಡು ಕಾದು ಮಿದುಳಿನ ಚಿತ್ರ ತೆಗೆಯುತ್ತಾರೆ. ಗುರುತು ಹಾಕದೆ ತೆಗೆದ ಚಿತ್ರದಿಂದ ಇದನ್ನು ಕಳೆದರೆ ಉಳಿಯುವ ವ್ಯತ್ಯಾಸ ಶೇ 1ರ ಆಸುಪಾಸು. ಅದರಿಂದ ತಿಳಿಯುವುದು 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತ ಸೇರುತ್ತದೆ ಎಂಬುದು: ಬೂದು ದ್ರವ್ಯದಲ್ಲಿ ಸುಮಾರು 50–60, ಬಿಳಿ ದ್ರವ್ಯದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ನಾಳದಲ್ಲಿ ಹರಿದದ್ದಕ್ಕೂ ಅಂಗಾಂಶಕ್ಕೆ ಉಣಿಸಿದ್ದಕ್ಕೂ ಒಂದೇ ಹೆಸರಿದ್ದರೆ, ಓದುಗ 700ನ್ನೂ 60ನ್ನೂ ಪಕ್ಕಪಕ್ಕ ಇಟ್ಟು ತಬ್ಬಿಬ್ಬಾಗುತ್ತಾನೆ.

ಗ್ಯಾಡೊಲಿನಿಯಮ್ ಎಂಬ ಲೋಹವಿರುವ ಕಾಂಟ್ರಾಸ್ಟ್ ದ್ರವವನ್ನು ರಕ್ತನಾಳಕ್ಕೆ ಚುಚ್ಚುವ ಮೂರನೆಯ ವಿಧಾನದಲ್ಲಿ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಅಂಗಾಂಶದಲ್ಲಿರುವ ರಕ್ತದ ಗಾತ್ರವನ್ನು, ಅದು ಹಾದುಹೋಗುವ ಸರಾಸರಿ ಕಾಲದಿಂದ ಭಾಗಿಸಿದರೆ ಅಂಗಾಂಶದ ಹರಿವು ಸಿಗುತ್ತದೆ. ಧಮನಿ ಕಿರಿದಾದಾಗ ಮುಂದಿನ ಸಣ್ಣ ನಾಳಗಳು ಹಿಗ್ಗಿ ರಕ್ತದ ಗಾತ್ರ ಏರಬಹುದು, ಹರಿವು ಮಾತ್ರ ಕುಗ್ಗಿರಬಹುದು. ‘ರಕ್ತ ಹೆಚ್ಚಿದೆ’ ಎಂದು ಬರೆದರೆ ಯಾವುದು ಹೆಚ್ಚಿದೆ?

‘ರಕ್ತಪರಿಚಲನೆ’ ಇಡೀ ದೇಹದ್ದಾಯಿತು. ‘ರಕ್ತಸಿಂಚನ’ ಕಾವ್ಯಕ್ಕೆ ಚೆನ್ನ. ‘ಪೂರೈಕೆ’ ಬಳಕೆಯಲ್ಲಿದೆ, ಆದರೆ ಅದು ನಾಳದವರೆಗೆ ತಂದು ಮುಟ್ಟಿಸುವುದಕ್ಕೂ ಸಲ್ಲುತ್ತದೆ. ನನ್ನ ಒಲವು ‘ರಕ್ತದೂಡಿಕೆ’ಯ ಕಡೆಗೆ. ಊಡು ಎಂದರೆ ಉಣಿಸು. ‘ಊಡಿಕೆಯ ನಕ್ಷೆ’, ‘ಊಡಿಕೆ ಕುಂದಿದ ಭಾಗ’ ಎಂದೆಲ್ಲ ಸಲೀಸಾಗಿ ಬೆಳೆಸಬಹುದು. ವೈದ್ಯಕೀಯ ಬರಹಗಳಲ್ಲಿ ಇದನ್ನು ಬಳಸಿದವರಿದ್ದೀರಾ? ಕಿವಿಗೆ ಒರಟಾಗಿ ಕೇಳುತ್ತದೆಯೇ?

ಜೊತೆಗೆ ಇನ್ನೊಂದು. ಗುರುತು ಹಾಕಿದ ರಕ್ತ ಕುತ್ತಿಗೆಯಿಂದ ಅಂಗಾಂಶವನ್ನು ಮುಟ್ಟಲು ಹಿಡಿಯುವ ಹೊತ್ತು ಒಂದು, ಅಂಗಾಂಶದೊಳಗಿನ ನಾಳಗಳನ್ನು ದಾಟಲು ಹಿಡಿಯುವ ಹೊತ್ತು ಇನ್ನೊಂದು. ಎರಡನ್ನೂ ‘ಸಂಚಾರ ಕಾಲ’ ಎನ್ನಲಾಗದು. ವಯಸ್ಸಾದವರಲ್ಲಿ ಮೊದಲನೆಯದು ಹಿಗ್ಗಿದರೆ, ಸ್ಪಿನ್ ಲೇಬಲಿಂಗ್ ಹರಿವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ‘ತಲುಪು ಕಾಲ’, ‘ದಾಟು ಕಾಲ’ ಎಂದು ಬರೆಯಲೇ, ಅಥವಾ ಇದಕ್ಕಿಂತ ಒಳ್ಳೆಯ ಜೋಡಿ ಇದೆಯೇ?