‘ಸ್ವಯಂಪ್ರೇರಿತ’ಕ್ಕೆ ಬೇರೆ ಪದ ಸಿಗಬಹುದೇ?

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ. ರೈತರನ್ನು ಕಂಡು ಕೇಳಬೇಕಾದ ಒಂದು ಪ್ರಶ್ನೆಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಣ್ಣು, ನೀರು ಉಳಿಸಲು ಅವರು ತಾವಾಗಿ ಮಾಡಿದ ಕೆಲಸದಿಂದ ಜಮೀನಿನಲ್ಲಿ ಏನು ಬದಲಾಗಿದೆ ಎಂದು ತಿಳಿಯಬೇಕು. ಮಾದರಿಗೆ ಇಟ್ಟುಕೊಂಡಿದ್ದು ಅಮೆರಿಕದ ಕೃಷಿ ಇಲಾಖೆಯ ‘ಸೀಪ್’ (CEAP) ಯೋಜನೆ, ಅಂದರೆ ಇಂಥ ಸಂರಕ್ಷಣೆಯ ಕೆಲಸದಿಂದ ಏನು ಪರಿಣಾಮವಾಗಿದೆ ಎಂದು ಅಳೆಯುವ ಯೋಜನೆ. ಅವರು 2003ರಿಂದ 2006ರವರೆಗೆ ರೈತರ ಬಳಿ ಹೋಗಿ ಉಳುಮೆ, ಗೊಬ್ಬರ, ನೀರು, ಬದು ಎಲ್ಲವನ್ನೂ ಕೇಳಿ ಬರೆದುಕೊಂಡರು. ಆಮೇಲೆ ಈ ಕೆಲಸ ಮಾಡದೇ ಇದ್ದಿದ್ದರೆ ಎಷ್ಟು ಮಣ್ಣು ಕೊಚ್ಚಿಹೋಗುತ್ತಿತ್ತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೋಲಿಸಿದರು. ‘ಮಾಡದೇ ಇದ್ದಿದ್ದರೆ’ ಎಂಬುದನ್ನು ಹೇಳಲು ಕನ್ನಡಕ್ಕೆ ಒಂದಿಷ್ಟೂ ಕಷ್ಟವಾಗಲಿಲ್ಲ. ತೊಡಕೆಲ್ಲ ಬೇರೆ ಕಡೆ.

ಮೊದಲನೆಯದು ‘ಸ್ವಯಂಪ್ರೇರಿತ’. ಅವರ ಲೆಕ್ಕದಲ್ಲಿ ಇದರ ಅರ್ಥ ಕಾನೂನಿನ ಒತ್ತಾಯ ಇಲ್ಲ, ರೈತ ಒಪ್ಪಿದರೆ ಮಾಡುತ್ತಾನೆ ಎಂದಷ್ಟೇ. ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಕೊಡುವುದೂ ಉಂಟು. ನಮ್ಮಲ್ಲಿ ಆ ಪದ ಕೇಳಿದರೆ ರಕ್ತದಾನ, ಶ್ರಮದಾನ ನೆನಪಾಗುತ್ತದೆ, ಅಲ್ವಾ? ಸಹಾಯಧನ ಪಡೆದು ಇಂಗುಗುಂಡಿ ತೆಗೆಸಿದವರು ‘ಈ ಪ್ರಶ್ನೆ ನನಗಲ್ಲ’ ಎಂದು ಮುಂದೆ ಹೋಗಿಬಿಡುತ್ತಾರೆ. ಅಲ್ಲಿಗೆ ಲೆಕ್ಕವೇ ತಪ್ಪಿತು. ‘ಒತ್ತಾಯವಿಲ್ಲದೆ ಮಾಡಿದ’ ಎಂದು ಬರೆದು ನೋಡಿದೆ, ಉದ್ದವಾಯಿತು. ‘ಒಪ್ಪಿ ಮಾಡಿದ’ ಎಂಬುದು ಸದ್ಯಕ್ಕೆ ನನಗೆ ಹಿಡಿಸಿದೆ.

‘ಸಂರಕ್ಷಣಾ ಪದ್ಧತಿ’ ಇನ್ನೂ ಕಷ್ಟ. ಪರೀಕ್ಷೆಗೆಂದು ಪಕ್ಕದೂರಿನ ಹಿರಿಯರೊಬ್ಬರ ಅಡಿಕೆ ತೋಟಕ್ಕೆ ಹೋಗಿದ್ದೆ. ‘ಮಣ್ಣಿನ ಸಂರಕ್ಷಣಾ ಪದ್ಧತಿ ಏನಾದರೂ ಅನುಸರಿಸುತ್ತೀರಾ?’ ಎಂದು ಓದಿದೆ. ‘ಅಂಥದ್ದೆಲ್ಲ ಎಂತದೂ ಮಾಡಿಲ್ಲ ತಮಾ’ ಎಂದರು. ನಾವು ನಿಂತಿದ್ದ ಜಾಗದಲ್ಲೇ ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡಿನಿಂದ) ತಂದ ದರಕು, ಅಂದರೆ ಒಣಗಿದ ಎಲೆ, ದಪ್ಪಗೆ ಹಾಸಿತ್ತು. ಮೇಲ್ಗಡೆ ಅಗಳ (ಕಂದಕ), ಕೆಳಗೆ ಬಸಿಗಾಲುವೆ. ಅವರಿಗೆ ಅದು ತೋಟದ ಕೆಲಸ ಅಷ್ಟೇ, ಅದಕ್ಕೆ ಬೇರೆ ಹೆಸರಿಲ್ಲ. ‘ದರಕು ಹಾಸುತ್ತೀರಾ? ಯಾವಾಗ? ಎಷ್ಟು?’ ಎಂದು ಕೇಳಿದ ಮೇಲೆ ಅರ್ಧ ತಾಸು ಹೇಳಿದರು. ಹಾಗಾಗಿ ಆ ದೊಡ್ಡ ಪದವನ್ನು ಪ್ರಶ್ನೆಯಿಂದ ತೆಗೆದು, ಒಂದೊಂದೇ ಕೆಲಸದ ಹೆಸರು ಹಿಡಿದು ಕೇಳುವುದೇ ಸರಿ ಎಂದು ನನಗೆ ಗಟ್ಟಿಯಾಗಿದೆ.

‘ಸರ್ವೆ’ ಎಂದಂತೂ ಹೇಳಲೇಬಾರದು. ಇಲ್ಲಿ ಸರ್ವೆ ಅಂದರೆ ಜಮೀನು ಅಳೆದು ಗಡಿ ಗುರುತಿಸುವುದು. ಕಾಡಂಚಿನಲ್ಲಿ ಸಾಗುವಳಿ ಮಾಡಿದವರು ಆ ಪದ ಕೇಳಿದ ಕೂಡಲೇ ಬಾಯಿ ಮುಚ್ಚುತ್ತಾರೆ. ‘ಸಮೀಕ್ಷೆ’ ಎಂದರೆ ನಡೆಯುತ್ತದೆ.

ಇನ್ನು ‘ಪರಿಣಾಮ’. ಮಾತಿನಲ್ಲಿ ಅದು ಕೆಟ್ಟದ್ದರ ಕಡೆಗೇ ಜಾಸ್ತಿ ವಾಲುತ್ತದೆ. ‘ಪರಿಣಾಮ ನೆಟ್ಟಗಿರೋದಿಲ್ಲ’ ಅನ್ನುತ್ತೇವಲ್ಲ. ‘ಪ್ರಯೋಜನ’ ಎಂದರೆ ಒಳ್ಳೆಯದಾಗಿದೆ ಎಂದು ನಾವೇ ಮೊದಲು ಹೇಳಿದಂತಾಗುತ್ತದೆ, ರೈತರೂ ಸುಮ್ನೆ ಹೌದು ಅಂದುಬಿಡುತ್ತಾರೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವ ಆಡುಮಾತಿನ ಪದ ನಿಮ್ಮ ಕಡೆ ಇದೆಯೇ?

ಕುಮಟೆಯವರಲ್ಲಿ ಇನ್ನೊಂದು ಕೇಳಬೇಕು. ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ) ಕಗ್ಗ ಎಂಬ ಉಪ್ಪು ತಾಳುವ ಭತ್ತ ಬೆಳೆಯುವವರು ಉಪ್ಪುನೀರು ತಡೆಯುವ ಕಟ್ಟೆಯನ್ನು ಸರಿಪಡಿಸುವ ಕೆಲಸಕ್ಕೆ ಏನನ್ನುತ್ತಾರೆ? ಅವರು ಹೇಳುವ ಪದವನ್ನೇ ಪಟ್ಟಿಗೆ ಸೇರಿಸುತ್ತೇನೆ.